ಒಂದೇ ಒಂದು ಓಟು!

ಏನ್ ಗುರುಗಳೇ, ಮೆಚ್ಚಿನ ಹೀರೋ ಪಿಕ್ಚರ್ ರಿಲೀಸ್ ಅಂದ್ರೆ ಬೆಳಗಿನ ಜಾವವೇ ಎದ್ದು ಕ್ಯೂನಲ್ಲಿ ಬೆವರು ಸುರಿಸ್ತೀರಿ. ಎಲೆಕ್ಷನ್ ದಿನ ಮಾತ್ರ ಮುಸುಕು ಹೊದ್ದು ಮಲಗ್ತೀರಿ. ಕೇಳಿದರೆ, "ನನ್ನೊಬ್ಬನ ಓಟಿನಿಂದ ಏನಾಗುತ್ತೆ ಬಿಡಿ ಸಾರ್!"

ಏನಾಗುತ್ತೆ ಗೊತ್ತೆ? 2004ರ ವಿಧಾನಸಭಾ ಚುನಾವಣೆ. ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿ. ಕಾಂಗ್ರೆಸ್ಸಿನ ಧ್ರುವನಾರಾಯಣ ಅವರಿಗೆ 40,752 ಓಟು, ಜೆಡಿಎಸ್‌ನ ಎ.ಆರ್. ಕೃಷ್ಣಮೂರ್ತಿಯವರಿಗೆ 40,751. ಒಂದೇ ಓಟು! ಯಾವ ಪಿಕ್ಚರಿನ ಕ್ಲೈಮ್ಯಾಕ್ಸ್ ಇದಕ್ಕೆ ಸಮ? 2023ರಲ್ಲಿ ಬೆಂಗಳೂರಿನ ಜಯನಗರದಲ್ಲಿ ಗೆಲುವಿನ ಅಂತರ ಬರೀ 16.

ಈ ಅಂಕಣಕಾರನೂ ಸಾಚಾ ಅಲ್ಲ, ಒಪ್ಪಿಕೊಳ್ತೀನಿ. 2023ರಲ್ಲಿ ನನ್ನ ಓಟು ಊರಲ್ಲಿ, ನಾನು ಬೆಂಗಳೂರಿನ ರೂಮಿನಲ್ಲಿ. ಬಸ್ ಚಾರ್ಜು ದಂಡ ಅಂತ ಹೋಗಲಿಲ್ಲ. ಆಮೇಲೆ ನಮ್ಮೂರಿಗೆ ಬರುತ್ತಿದ್ದ ಒಂದೇ ಬಸ್ಸು ನಿಂತುಹೋಯಿತು. ಯಾರನ್ನಾದರೂ ಬೈಯೋಣ ಅಂದರೆ ಬಾಯೇ ಬರಲಿಲ್ಲ.

1989ಕ್ಕೆ ಮುಂಚೆ ಓಟಿಗೆ 21 ತುಂಬಬೇಕಿತ್ತು. ಈಗ 18 ಸಾಕು. 17 ತುಂಬಿದವರು ಮುಂಚಿತವಾಗೇ ಅರ್ಜಿ ಹಾಕಬಹುದು. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಕಾರ್ಡು ತೋರಿಸಿದರೂ ಓಟು ಇಲ್ಲ. ಇವತ್ತೇ ನೋಡಿಕೊಳ್ಳಿ. ಈ ಟಿಕೆಟ್ ಬ್ಲ್ಯಾಕಿನಲ್ಲೂ ಸಿಗೋಲ್ಲ ಕಣ್ರೀ!