ಕಾನೂನು ಹೆಸರಿಸುವ ಮಾನಕ ಓದಲು ಸಿಗಬೇಕು

ಕಂಪನಿಯ ವಾರ್ಷಿಕ ವಿವರಣಪತ್ರವಾಗಲಿ, ಸರ್ಕಾರಿ ಇ-ಟೆಂಡರ್ ಆಗಲಿ, ಡಿಜಿಟಲ್ ಸಹಿಯಿಲ್ಲದೆ ಮುಂದೆ ಸಾಗದು. ಆ ಸಹಿಯ ಪ್ರಮಾಣಪತ್ರ ಹೇಗಿರಬೇಕೆಂದು ವಿಧಿಸುವುದು ಎಕ್ಸ್.509 ಎಂಬ ಮಾನಕ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಎಕ್ಸ್.500 ಡೈರೆಕ್ಟರಿ ಸರಣಿಯ ಅಂಗವಾಗಿ ಇದು 1988ರಲ್ಲಿ ರೂಪುಗೊಂಡಿತು. ಇದಕ್ಕೆ ಮೊದಲೇ, 1984ರಲ್ಲಿ, ವಿದ್ಯುನ್ಮಾನ ಸಂದೇಶಗಳಿಗಾಗಿ ಎಕ್ಸ್.400 ಸರಣಿ ಬಂದಿತ್ತು.

2000ನೇ ಇಸವಿಯಲ್ಲಿ ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ ರಚಿತವಾದ ಪ್ರಮಾಣೀಕರಣ ಪ್ರಾಧಿಕಾರಗಳ ನಿಯಮಗಳು ಎಕ್ಸ್.509 ಹಾಗೂ ಎಕ್ಸ್.500ಗಳನ್ನು ಹೆಸರಿಸಿಯೇ ಉಲ್ಲೇಖಿಸಿದವು. ಆದರೆ ಅಂದು ಆ ಪಠ್ಯಗಳನ್ನು ಸಾಮಾನ್ಯವಾಗಿ ಬೆಲೆ ತೆತ್ತೇ ಪಡೆಯಬೇಕಿತ್ತು. 2007ರಲ್ಲಿ ಒಕ್ಕೂಟವು ತನ್ನ ಶಿಫಾರಸುಗಳನ್ನು ಉಚಿತವಾಗಿ ತೆರೆದಿಟ್ಟಿತು. ಸೋಜಿಗವೆಂದರೆ, ಎಕ್ಸ್.500 ಸರಣಿಯನ್ನೇ ಐಎಸ್‌ಒ ಸಂಸ್ಥೆಯು 9594 ಎಂಬ ಸಂಖ್ಯೆಯಡಿ ಇಂದಿಗೂ ಮಾರುತ್ತಿದೆ. ಒಂದೇ ಸರಕು, ಎರಡು ಅಂಗಡಿ. ಒಂದರಲ್ಲಿ ಧರ್ಮಾರ್ಥ, ಇನ್ನೊಂದರಲ್ಲಿ ಕ್ರಯಕ್ಕೆ. ಇದನ್ನು ಅರಿಯದ ಸಣ್ಣ ಉದ್ಯಮಿ ವೃಥಾ ಹಣ ತೆರುತ್ತಾನೆ.

ಇಂಟರ್‌ನೆಟ್‌ನ ಆರ್‌ಎಫ್‌ಸಿ ದಾಖಲೆಗಳಾದರೋ ಮೊದಲಿನಿಂದಲೂ ಮುಕ್ತ. 1982ರ ಆರ್‌ಎಫ್‌ಸಿ 821ರಲ್ಲಿ ನಿರೂಪಿತವಾದ ಎಸ್‌ಎಂಟಿಪಿ ಅಂಚೆಪದ್ಧತಿಯು ಎಕ್ಸ್.400 ಅನ್ನು ಹಿಂದಿಕ್ಕಿ ಲೋಕವ್ಯಾಪಿಯಾಗಲು ಸರಳತೆಯಂತೆ ಈ ಮುಕ್ತತೆಯೂ ಕಾರಣವೆಂಬುದು ನನ್ನ ಅಭಿಪ್ರಾಯ.

ಮಾನಕ ರಚನೆಗೆ ವೆಚ್ಚವಿಲ್ಲವೇ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಕಾನೂನು ಅಥವಾ ಟೆಂಡರು ಯಾವುದನ್ನು ಪಾಲಿಸಬೇಕೆಂದು ಕಟ್ಟಳೆ ವಿಧಿಸುತ್ತದೆಯೋ ಅದನ್ನು ಓದುವುದಕ್ಕೂ ಶುಲ್ಕ ಕೇಳುವುದು ಸಲ್ಲದು. ಭಾರತೀಯ ಮಾನಕ ಬ್ಯೂರೋ ತಾನೇ ರೂಪಿಸಿದ ಮಾನಕಗಳನ್ನು ಈಗ ಉಚಿತವಾಗಿ ಒದಗಿಸುತ್ತಿರುವುದು ಇದು ಅಸಾಧ್ಯವಲ್ಲವೆಂಬುದಕ್ಕೆ ಸಾಕ್ಷಿ.

ಸದಸ್ಯರಲ್ಲಿ ಮೂರು ವಿಜ್ಞಾಪನೆಗಳು. ಒಂದು, ಐಎಸ್‌ಒ ಪ್ರತಿ ಕೊಳ್ಳುವ ಮುನ್ನ ಅದರ ಅವಳಿ ಪಠ್ಯ ಒಕ್ಕೂಟದಲ್ಲಿ ಉಚಿತವಾಗಿ ಇದೆಯೇ ಎಂದು ನೋಡಿ. ಎರಡು, ಅಂಚೆ ಅಥವಾ ಡೈರೆಕ್ಟರಿ ತಂತ್ರಾಂಶ ಖರೀದಿಸುವಾಗ “ಮಾನಕಕ್ಕೆ ಅನುಗುಣ” ಎಂಬ ಮಾತಿಗೆ ತೃಪ್ತರಾಗದೆ, ಯಾವ ವರ್ಷದ ಆವೃತ್ತಿ, ಯಾವ ಭಾಗ ಎಂಬುದನ್ನು ಕರಾರಿನಲ್ಲಿ ಬರೆಸಿಕೊಳ್ಳಿ. ಮಾನಕದಲ್ಲಿನ ಅನುಸರಣೆಯ ಅಧ್ಯಾಯವನ್ನು ಓದಿ ತಾಳೆ ನೋಡಿ. ವಿವಾದ ಎದ್ದ ದಿನ ಕೈಹಿಡಿಯುವುದು ಈ ಬರವಣಿಗೆಯೇ. ಮೂರು, ಟೆಂಡರಿನಲ್ಲಿ ಬೆಲೆಯುಳ್ಳ ಮಾನಕವನ್ನು ಉಲ್ಲೇಖಿಸುವ ಇಲಾಖೆಯು ಅದರ ಪ್ರತಿಯೊಂದನ್ನು ತನ್ನ ಕಚೇರಿಯಲ್ಲಿ ಪರಿಶೀಲನೆಗೆ ಇಡಬೇಕೆಂದು ನಮ್ಮ ಸಂಸ್ಥೆಯು ಸರ್ಕಾರವನ್ನು ಒತ್ತಾಯಿಸಲಿ. ತೂಕದ ಬಟ್ಟನ್ನು ಗಿರಾಕಿಯ ಕಣ್ಣೆದುರಿಗೆ ಇಡುವುದು ವ್ಯಾಪಾರಧರ್ಮ. ಸರ್ಕಾರಕ್ಕೂ ಅದೇ ಧರ್ಮ ಅನ್ವಯಿಸಬೇಕು.