ರೇಟು ಕೇಳುವ ಮೊದಲು

ಹಳೆ ಬಂಗಾರ ಮಾರಲು ಅಂಗಡಿಗೆ ಹೋದವರು ಮೊದಲು ಕೇಳುವುದು ಒಂದೇ ಮಾತು: ‘ಇವತ್ತಿನ ರೇಟ್ ಎಷ್ಟದರೀ?’ ಆಳಂದದಲ್ಲೂ ಇದೇ ಮಾತು, ಅಫಜಲಪುರದಲ್ಲೂ ಜೇವರ್ಗಿಯಲ್ಲೂ ಇದೇ. ಗ್ರಾಮಿಗೆ ಐವತ್ತು ರೂಪಾಯಿ ಹೆಚ್ಚು ಸಿಕ್ಕೀತೆಂದು ಕಲಬುರಗಿಯ ಸರಾಫ್ ಬಜಾರಿಗೆ ಬಸ್ಸು ಹತ್ತುವವರಿದ್ದಾರೆ, ಸೋಲಾಪುರದ ತನಕ ಹೋಗುವವರೂ ಇದ್ದಾರೆ. ಹೆಚ್ಚು ರೇಟು ಸಿಕ್ಕರೆ ನ್ಯಾಯವಾದ ಬೆಲೆ ಸಿಕ್ಕಂತೆ ಎಂಬ ಈ ನಂಬಿಕೆಯನ್ನು ನಾನು ಒಪ್ಪಲಾರೆ. ಹಾಗೆ ನಂಬಿದವರ ಮೇಲೆ ಅಗೌರವವಿಲ್ಲ. ಮನೆಯಲ್ಲಿ ಕಷ್ಟ ಇಟ್ಟುಕೊಂಡು ಹೋದವರಿಗೆ ಕಣ್ಣಿಗೆ ಬೀಳುವ ಅಂಕಿ ಅದೊಂದೇ. ಆದರೆ ಮಾರುವವರ ಕೈಯಿಂದ ಜಾರುವ ಹಣದ ದೊಡ್ಡ ಪಾಲು ರೇಟಿನಲ್ಲಿ ಹೋಗುವುದಿಲ್ಲ. ನಿವ್ವಳ ತೂಕ ಎಷ್ಟು, ಟಂಚು, ಅಂದರೆ ನೂರಕ್ಕೆ ಅಪ್ಪಟ ಬಂಗಾರ ಎಷ್ಟು ಎಂದು ನಿಶ್ಚಯವಾಗುವ ಹೊತ್ತಿಗೇ ಅದು ಹೋಗಿರುತ್ತದೆ.

ರೇಟು ಬಚ್ಚಿಡಲಾಗದ ಸಂಗತಿ. ಇಂಡಿಯಾ ಬುಲಿಯನ್ ಆ್ಯಂಡ್ ಜ್ಯುವೆಲರ್ಸ್ ಅಸೋಸಿಯೇಷನ್ ಕೆಲಸದ ದಿನಗಳಲ್ಲಿ ಎರಡು ಸಲ, 999, 916, 750 ಹೀಗೆ ಬೇರೆ ಬೇರೆ ಶುದ್ಧತೆಗೆ ಬೇರೆ ಬೇರೆ ದರ ಪ್ರಕಟಿಸುತ್ತದೆ. ಮೊಬೈಲ್ ಇದ್ದವರೆಲ್ಲ ನೋಡಬಹುದು. ಎಲ್ಲರಿಗೂ ಗೊತ್ತಿರುವ ಅಂಕಿಯಲ್ಲಿ ವ್ಯಾಪಾರಿ ಹೆಚ್ಚು ಆಟ ಆಡಲು ಬರುವುದಿಲ್ಲ.

ಒಂದು ಲೆಕ್ಕ ಹಾಕಿ ನೋಡೋಣ. 2025ರ ಏಪ್ರಿಲ್‌ನಲ್ಲಿ 10 ಗ್ರಾಂ ಅಪ್ಪಟ ಬಂಗಾರ ಮೊದಲ ಸಲ ಒಂದು ಲಕ್ಷ ರೂಪಾಯಿ ಮುಟ್ಟಿತು. ಆಮೇಲೆ ದರ ಬದಲಾಗಿದೆ, ಆದರೆ ಲೆಕ್ಕಕ್ಕೆ ಅದೇ ಅನುಕೂಲ: ಗ್ರಾಮಿಗೆ 10,000. ನಿಮ್ಮ ಕೈಯಲ್ಲಿ 20 ಗ್ರಾಮಿನ ಸರ ಇದೆ. ಅದು ಸರಿಯಾದ 22 ಕ್ಯಾರೆಟ್, ಅಂದರೆ ನೂರಕ್ಕೆ 91.6 ಇದ್ದರೆ ಅದರಲ್ಲಿ 18.32 ಗ್ರಾಂ ಅಪ್ಪಟ ಬಂಗಾರ, ಬೆಲೆ 1,83,200 ರೂಪಾಯಿ. ಅದೇ ಸರವನ್ನು ‘84 ಟಂಚು ಬಂತು’ ಎಂದು ಹೇಳಿದರೆ ಬೆಲೆ 1,68,000ಕ್ಕೆ ಇಳಿಯುತ್ತದೆ. ಒಂದೇ ಮಾತಿಗೆ 15,200 ರೂಪಾಯಿ ವ್ಯತ್ಯಾಸ. ಗ್ರಾಮಿಗೆ ಐವತ್ತು ರೂಪಾಯಿಗಾಗಿ ಇಡೀ ದಿನ ಚೌಕಾಸಿ ಮಾಡಿ ಗೆದ್ದರೂ ಇದೇ ಸರಕ್ಕೆ ಸಿಗುವುದು 1,000 ರೂಪಾಯಿ.

ಇನ್ನೊಂದು ಕಡೆ ನಷ್ಟವಾಗುವುದು ಬಹಳ ಮಂದಿಗೆ ಗೊತ್ತೇ ಆಗುವುದಿಲ್ಲ. ವ್ಯಾಪಾರಿ 22 ಕ್ಯಾರೆಟ್ ದರ ಹಿಡಿಯುತ್ತಾನೆ, ಅಂದರೆ ನಮ್ಮ ಲೆಕ್ಕದಲ್ಲಿ ಗ್ರಾಮಿಗೆ 9,160. ಆಮೇಲೆ ಟಂಚು 91.6 ಎಂದು ತೂಕದಲ್ಲೂ ಕಳೆದು 18.32 ಗ್ರಾಮಿಗೆ ಮಾತ್ರ ಹಣ ಎಣಿಸುತ್ತಾನೆ. ಕೈಗೆ ಬರುವುದು ಸುಮಾರು 1,67,800. ಶುದ್ಧತೆಯ ಕಡಿತ ಎರಡು ಸಲ ಬಿತ್ತು: ಒಮ್ಮೆ ದರದಲ್ಲಿ, ಇನ್ನೊಮ್ಮೆ ತೂಕದಲ್ಲಿ. ತೂಕದಲ್ಲಿ ಟಂಚು ಕಳೆದರೆ ದರ 24 ಕ್ಯಾರೆಟ್‌ನದೇ ಆಗಬೇಕು. ದರ 22 ಕ್ಯಾರೆಟ್‌ನದಾದರೆ, 916 ಇರುವ ಒಡವೆಯ ತೂಕದಲ್ಲಿ ಟಂಚಿನ ಹೆಸರಿನಲ್ಲಿ ಏನೂ ಕಳೆಯುವಂತಿಲ್ಲ. ಇಷ್ಟು ತಿಳಿದವರಿಗೆ ಅಂಗಡಿಯ ಕ್ಯಾಲ್ಕುಲೇಟರ್ ಏನು ಹೇಳುತ್ತಿದೆ ಎಂಬುದು ಅರ್ಥವಾಗುತ್ತದೆ.

‘ಅಜ್ಜಿ ಕಾಲದ ಬಂಗಾರ, ಅಪ್ಪಟ’ ಎಂಬ ಮಾತನ್ನೂ ಸ್ವಲ್ಪ ತಡೆದು ನೋಡಬೇಕು. ಅದು ಪ್ರೀತಿಯ ಮಾತು, ಲೆಕ್ಕದ ಮಾತಲ್ಲ. ನಮ್ಮ ದೇಶದಲ್ಲಿ ಬಂಗಾರಕ್ಕೆ ಭಾರತೀಯ ಮಾನಕ ಸಂಸ್ಥೆಯ (ಬಿಐಎಸ್) ಹಾಲ್‌ಮಾರ್ಕ್ ಬಂದದ್ದೇ 2000ದಲ್ಲಿ. ಕಡ್ಡಾಯವಾದದ್ದು 2021ರ ಜೂನ್ 16ರಿಂದ, ಅದೂ ಮೊದಲಿಗೆ 256 ಜಿಲ್ಲೆಗಳಲ್ಲಿ. ಹಾಲ್‌ಮಾರ್ಕ್ ಬರುವುದಕ್ಕೂ ಹಿಂದಿನ ಒಡವೆಯ ಶುದ್ಧತೆಗೆ ಮಾಡಿದ ಪತ್ತಾರರ ಮಾತೇ ಆಧಾರ. ನಡುವೆ 1963ರಲ್ಲಿ ಕೇಂದ್ರ ಸರ್ಕಾರ ಚಿನ್ನ ನಿಯಂತ್ರಣದ ನಿಯಮ ತಂದು 14 ಕ್ಯಾರೆಟ್‌ಗಿಂತ ಹೆಚ್ಚಿನ ಒಡವೆ ಮಾಡಬಾರದೆಂದಿತು. ಕೆಲವು ವರ್ಷ ಅದು ಜಾರಿಯಲ್ಲಿತ್ತು, ಪತ್ತಾರರ ಎಷ್ಟೋ ಮನೆಗಳು ಆ ಕಾಲದಲ್ಲಿ ಕೆಲಸವಿಲ್ಲದೆ ಕುಳಿತವು. ಆ ದಿನಗಳ ಸರ ನಿಯಮಕ್ಕೆ ತಲೆಬಾಗಿ 14 ಆಗಿರಬಹುದು, ಗುಟ್ಟಾಗಿ ಮಾಡಿದ 22 ಆಗಿರಲೂಬಹುದು. ನೋಡಿ ಹೇಳಲಾಗದು.

ಬೆಸುಗೆಯದು ಬೇರೆ ಕತೆ. ಹಿಂದೆ ಬಂಗಾರಕ್ಕೆ ತಾಮ್ರ, ಬೆಳ್ಳಿ ಬೆರೆಸಿ ಬೆಸುಗೆ ಹಾಕುತ್ತಿದ್ದರು. ಕೊಂಡಿ ಹೆಚ್ಚಿದಷ್ಟೂ ಬೆಸುಗೆ ಹೆಚ್ಚು, ಕರಗಿಸಿದಾಗ ಒಟ್ಟು ಟಂಚು ಅಷ್ಟು ಕೆಳಗೆ. ಆಮೇಲೆ ಕ್ಯಾಡ್ಮಿಯಂ ಬೆರೆಸಿದ ಬೆಸುಗೆ ಬಂತು. ಅದಕ್ಕೇ ಕೆಡಿಎಂ ಎಂಬ ಹೆಸರು ಬಿತ್ತು. ಕ್ಯಾಡ್ಮಿಯಂ ಬಿಸಿಗೆ ಆವಿಯಾಗಿ ಹೋಗುವುದರಿಂದ ಬಂಗಾರದ ಶುದ್ಧತೆ ಇಳಿಯುತ್ತಿರಲಿಲ್ಲ, ಆದರೆ ಆ ಹೊಗೆ ಕುಡಿದವರ ಶ್ವಾಸಕೋಶ ಹಾಳಾಯಿತು. ಇವತ್ತಿಗೂ ಮನೆಮನೆಯಲ್ಲಿ ‘ಇದು ಕೆಡಿಎಂ ಬಂಗಾರ’ ಎಂದು ಧೈರ್ಯವಾಗಿ ತೋರಿಸುತ್ತಾರೆ. ಕೆಡಿಎಂ ಎಂಬ ಮುದ್ರೆ ಬೆಸುಗೆಯ ಬಗೆ ಹೇಳುತ್ತದೆಯೇ ಹೊರತು ಶುದ್ಧತೆಗೆ ಯಾವ ಖಾತ್ರಿಯನ್ನೂ ಕೊಡುವುದಿಲ್ಲ. ಖಾತ್ರಿ ಇರುವುದು ಬಿಐಎಸ್ ಗುರುತು, 22ಕೆ916ರಂಥ ಶುದ್ಧತೆಯ ಅಂಕಿ, ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಮೂರೂ ಇರುವ ಒಡವೆಗೆ. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಕಡ್ಡಾಯವಿರುವ ಕಡೆ ಎಚ್‌ಯುಐಡಿ ಇಲ್ಲದೆ ಹೊಸ ಒಡವೆ ಮಾರುವಂತಿಲ್ಲ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಒಡವೆಯ ವಿವರ ಬರುತ್ತದೆ. ಹಾಲ್‌ಮಾರ್ಕ್ ಇದ್ದೂ ಟಂಚು ಕಡಿಮೆ ಬಂದರೆ, ಕೊರತೆ ಬಿದ್ದಷ್ಟರ ಎರಡು ಪಟ್ಟು ಹಣ ಮತ್ತು ಪರೀಕ್ಷೆಯ ಖರ್ಚನ್ನು ಮಾರಿದ ಅಂಗಡಿ ಕೊಡಬೇಕೆಂದು 2018ರ ಬಿಐಎಸ್ ನಿಯಮ ಹೇಳುತ್ತದೆ. ಹಾಲ್‌ಮಾರ್ಕ್ ಇಲ್ಲದ ಹಳೆ ಬಂಗಾರ ಇಟ್ಟುಕೊಂಡವರೂ ಹೆದರಬೇಕಿಲ್ಲ. ಅದನ್ನು ನಾವು ಮಾರಬಹುದು, ಅಂಗಡಿಯವರು ಕೊಳ್ಳಬಹುದು. ‘ಹಾಲ್‌ಮಾರ್ಕ್ ಇಲ್ಲ, ಅದಕ್ಕೇ ಅರ್ಧ ಬೆಲೆ’ ಎಂಬ ಮಾತಿಗೆ ಆಧಾರವಿಲ್ಲ.

ನಮ್ಮ ಭಾಗದ ಒಡವೆಗಳಲ್ಲಿ ನಿವ್ವಳ ತೂಕದ ಪ್ರಶ್ನೆ ಇನ್ನೂ ದೊಡ್ಡದು. ಬೋರಮಾಳದ ಗುಂಡು ಒಳಗೆ ಟೊಳ್ಳು, ಕೆಲವಕ್ಕೆ ಅರಗು ತುಂಬಿರುತ್ತಾರೆ. ತಾಳಿಸರದಲ್ಲಿ ಕರಿಮಣಿ, ಹವಳ. ಟೀಕಿಗೆ ದಾರ. ಝುಮಕಿಗೆ ಹರಳು, ಮುತ್ತು. ಇವನ್ನೆಲ್ಲ ಕಳೆಯಲೇಬೇಕು, ಅದು ನ್ಯಾಯ. ‘ಅಂದಾಜು ಇಷ್ಟು’ ಎಂದು ಕಳೆಯುವುದು ನ್ಯಾಯವಲ್ಲ. ಒಂದೂವರೆ ಗ್ರಾಂ ಅರಗು ಇರುವಲ್ಲಿ ಮೂರು ಗ್ರಾಂ ಎಂದು ಬಾಯಿಮಾತಿನಲ್ಲಿ ಹೊಡೆದರೆ, ಮೇಲಿನ ದರದಲ್ಲಿ 13,740 ರೂಪಾಯಿ ಹೋಯಿತು. ಬಿಚ್ಚಬಹುದಾದ ಮಣಿ, ಹವಳ, ದಾರವನ್ನು ಮನೆಯಲ್ಲೇ ಬಿಚ್ಚಿಕೊಂಡು ಹೋಗುವುದು ಒಳ್ಳೆಯದು. ಅರಗಿನ ತೂಕ ಕರಗಿಸಿದ ಮೇಲೆ ತಾನಾಗಿ ತಿಳಿಯುತ್ತದೆ, ಅಂದಾಜಿನ ಅಗತ್ಯವೇ ಇಲ್ಲ. ತೊಲದ ವಿಷಯದಲ್ಲೂ ಎಚ್ಚರ ಬೇಕು. ಹಳೆ ತೊಲ 11.66 ಗ್ರಾಂ, ಇವತ್ತು ಪೇಟೆಯಲ್ಲಿ ತೊಲ ಎಂದರೆ 10 ಗ್ರಾಂ. ಹಿರಿಯರು ಐದು ತೊಲದ್ದು ಎಂದು ಕೊಟ್ಟ ಒಡವೆ ಹಳೆ ಲೆಕ್ಕದ್ದಾದರೆ 58 ಗ್ರಾಂ ದಾಟಬೇಕು. 50 ಗ್ರಾಂ ತೂಗಿ ‘ಸರಿ ಐತಿ, ಐದು ತೊಲ’ ಎಂದರೆ ಸಮಾಧಾನಪಡುವಂತಿಲ್ಲ.

ಪರೀಕ್ಷೆಯ ಮಾತು. ಒರೆಗಲ್ಲು ಒಳ್ಳೆಯ ಪತ್ತಾರರ ಕೈಯಲ್ಲಿ ಸಾಕಷ್ಟು ಸತ್ಯ ಹೇಳುತ್ತದೆ, ಆದರೆ ಅದು ಉಜ್ಜಿದ ಜಾಗದ ಸತ್ಯ. ಕ್ಯಾರೆಟ್ ಮೀಟರ್ ಎಂಬ ಕ್ಷ-ಕಿರಣದ ಯಂತ್ರವೂ ಮೇಲ್ಪದರವನ್ನೇ ಓದುತ್ತದೆ. ಒಂದೇ ಸರದಲ್ಲಿ ಕೊಂಡಿಯ ಹತ್ತಿರ ಒಂದು ಅಂಕಿ, ನಡುವೆ ಇನ್ನೊಂದು ಅಂಕಿ ಬರುವುದು ಇದಕ್ಕೇ. ಯಂತ್ರ ತೋರಿಸಿತು ಎಂದ ಕೂಡಲೇ ಒಪ್ಪಬೇಕಿಲ್ಲ, ಮೂರ್ನಾಲ್ಕು ಕಡೆ ಇಟ್ಟು ತೋರಿಸಿ ಎಂದು ಕೇಳಬಹುದು. ಕರಗಿಸಿ ಗಟ್ಟಿ ಮಾಡಿದ ಮೇಲೆ ಪರೀಕ್ಷಿಸಿದರೆ ಅಂಕಿ ಹೆಚ್ಚು ನಂಬುವಂತಿರುತ್ತದೆ. ಆದರೆ ಕರಗಿಸಿದ ಮೇಲೆ ಒಡವೆ ಉಳಿಯುವುದಿಲ್ಲ, ‘ಬೇಡ, ವಾಪಸ್ ಕೊಡಿ’ ಎನ್ನುವ ಬಲವೂ ಕುಗ್ಗುತ್ತದೆ. ಅದಕ್ಕೇ ಕ್ರಮ ಮುಖ್ಯ: ಮೊದಲು ಕರಗಿಸದೆ ಎರಡು ಕಡೆ ಅಂಕಿ ತಿಳಿದುಕೊಳ್ಳಬೇಕು, ಮಾರುವುದು ಎಲ್ಲಿ ಎಂದು ನಿಶ್ಚಯವಾದ ಮೇಲೆ, ತೂಗಿ ಬರೆಸಿ, ಕಣ್ಣೆದುರಿಗೇ ಕರಗಿಸಬೇಕು. ಅಂಗಡಿಗಿಂತ ಹೊರಗೆ ಅಂಕಿ ಬೇಕೆಂದರೆ ಬಿಐಎಸ್ ಮಾನ್ಯತೆಯ ಹಾಲ್‌ಮಾರ್ಕಿಂಗ್ ಕೇಂದ್ರಗಳು ಸಾಮಾನ್ಯ ಜನರ ಒಡವೆಯನ್ನೂ ಪರೀಕ್ಷಿಸುತ್ತವೆ. 2023ರಲ್ಲಿ ಬಿಐಎಸ್ ಹೇಳಿದಂತೆ ನಾಲ್ಕು ಒಡವೆಗಳ ತನಕ 200 ರೂಪಾಯಿ, ಐದು ಅಥವಾ ಹೆಚ್ಚಾದರೆ ಒಂದಕ್ಕೆ 45, ಮೇಲೆ ತೆರಿಗೆ. ಲಕ್ಷಾಂತರ ರೂಪಾಯಿಯ ಒಡವೆಗೆ ಇದು ದೊಡ್ಡ ಖರ್ಚಲ್ಲ.

ದೊಡ್ಡ ಷೋರೂಮಿನಲ್ಲಿ ಮೋಸವಿಲ್ಲ, ತಾಲ್ಲೂಕಿನ ಪತ್ತಾರರು ಕಳೆಯುತ್ತಾರೆ ಎಂಬ ಅಭಿಪ್ರಾಯ ನನಗೆ ಒಪ್ಪಿಗೆಯಿಲ್ಲ. ನಡುರಾತ್ರಿ ಆಸ್ಪತ್ರೆಗೆ ಹಣ ಬೇಕಾದಾಗ ಬಾಗಿಲು ತೆರೆಯುವವರು ಊರಿನವರೇ. ಅದಕ್ಕೆ ಅವರು ಸ್ವಲ್ಪ ಕಡಿಮೆ ಕೊಟ್ಟರೆ ನಾನು ತಪ್ಪೆನ್ನುವುದಿಲ್ಲ, ಎಷ್ಟು ಕಡಿಮೆ ಎಂಬುದು ಇಬ್ಬರಿಗೂ ಗೊತ್ತಿರಲಿ. ಷೋರೂಮಿನ ‘ಹಳೆಯದಕ್ಕೆ ಪೂರ್ತಿ ಬೆಲೆ’ ಎಂಬ ಬೋರ್ಡು ಹೆಚ್ಚಾಗಿ ಬದಲಿಗೆ ಹೊಸದು ಕೊಳ್ಳುವವರಿಗೆ. 20 ಗ್ರಾಮಿನ ಹೊಸ ಸರಕ್ಕೆ ಮಜೂರಿ ನೂರಕ್ಕೆ 15 ಎಂದರೆ 27,480 ರೂಪಾಯಿ, ಜಿಎಸ್‌ಟಿ ಬೇರೆ. ಹಳೆಯದರಲ್ಲಿ ಕಳೆಯದೆ ಬಿಟ್ಟದ್ದು ಹೊಸದರಲ್ಲಿ ಸಲೀಸಾಗಿ ಬರುತ್ತದೆ. ಕೈಗೆ ದುಡ್ಡೇ ಬೇಕಾದವರಿಗಂತೂ ಆ ಬೋರ್ಡಿನಿಂದ ಉಪಯೋಗವಿಲ್ಲ. ಜಿಎಸ್‌ಟಿ ಎಂದಾಗ ಒಂದು ಮಾತು: ಮನೆಯವರು ತಮ್ಮ ಹಳೆ ಒಡವೆ ಮಾರಿದರೆ ಅದಕ್ಕೆ ಜಿಎಸ್‌ಟಿ ಇಲ್ಲವೆಂದು 2017ರ ಜುಲೈನಲ್ಲೇ ಕೇಂದ್ರ ಹಣಕಾಸು ಸಚಿವಾಲಯ ಸ್ಪಷ್ಟಪಡಿಸಿದೆ. ಆ ಹೆಸರಿನಲ್ಲಿ ಯಾರಾದರೂ ಕಳೆದರೆ ಕೇಳಬೇಕು.

ನನ್ನನ್ನು ಕಾಡುವ ಸಂಗತಿ ಇದು. ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲ್ಲೂಕಿನ ರೈತ ತೊಗರಿ ಮಾರುವಾಗ ಲೆಕ್ಕದಲ್ಲಿ ಗಟ್ಟಿಗ. ಅಡತಿ ಅಂಗಡಿಯಲ್ಲಿ ಚೀಲದ ತೂಕ ಎಷ್ಟು ಹಿಡಿದರು, ತೇವವೆಂದು ಎಷ್ಟು, ಕಸವೆಂದು ಎಷ್ಟು ಕಳೆದರು ಎಂದು ನಿಂತು ಕೇಳುತ್ತಾನೆ. ಕ್ವಿಂಟಲಿಗೆ ಒಂದು ಕೆಜಿ ಹೆಚ್ಚು ಹಿಡಿದರೂ ಜಗಳ. ಅದೇ ಮನುಷ್ಯ ಹತ್ತು ಕ್ವಿಂಟಲ್ ತೊಗರಿಗಿಂತ ಹೆಚ್ಚು ಬೆಲೆಯ ಸರ ಹಿಡಿದು ಸರಾಫರ ಮುಂದೆ ಕೂತರೆ ತಲೆ ತಗ್ಗಿಸುತ್ತಾನೆ. ಬಂಗಾರ ಮಾರುವುದು ಮರ್ಯಾದೆಗೇಡು ಎಂಬ ಭಾವನೆ ನಮ್ಮಲ್ಲಿ ಗಟ್ಟಿಯಾಗಿದೆ. ಯಾರೂ ನೋಡದಿರಲಿ, ಬೇಗ ಮುಗಿಯಲಿ ಎಂಬ ಅವಸರದಲ್ಲಿ ಕೇಳಬೇಕಾದ್ದನ್ನು ಕೇಳುವುದಿಲ್ಲ. 2020ರ ಅಕ್ಟೋಬರ್‌ನಲ್ಲಿ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿಯ ಹೊಲಗಳಿಗೆ ನುಗ್ಗಿದಾಗ, 2022ರಲ್ಲಿ ತೊಗರಿಗೆ ನೆಟೆ ರೋಗ ಬಿದ್ದಾಗ ಮಾರಿದ್ದು ಯಾರ ತಪ್ಪೂ ಅಲ್ಲ. ಕಷ್ಟಕ್ಕೆ ಆಗಲೆಂದೇ ಕೂಡಿಟ್ಟ ಬಂಗಾರ ಕಷ್ಟಕ್ಕೆ ಆದರೆ ನಾಚಿಕೆ ಪಡುವುದೇಕೆ?

ಆ ಸರ ಕೊರಳಲ್ಲಿದ್ದವರೇ ಬಹಳ ಸಲ ಅಂಗಡಿಯಲ್ಲಿ ಇರುವುದಿಲ್ಲ. ಗಂಡನೋ ಮಗನೋ ಕರ್ಚೀಫಿನಲ್ಲಿ ಕಟ್ಟಿಕೊಂಡು ಹೋಗುತ್ತಾನೆ. ತೂಕ ಎಷ್ಟಿತ್ತು, ಯಾವಾಗ ಮಾಡಿಸಿದ್ದು, ಎಲ್ಲಿ ತುಂಡಾಗಿ ಬೆಸೆದದ್ದು ಎಂಬುದೆಲ್ಲ ಗೊತ್ತಿರುವುದು ಆಕೆಗೆ. ಸ್ತ್ರೀಧನದ ಮೇಲೆ ಗಂಡನಿಗೆ ಒಡೆತನವಿಲ್ಲ, ಕಷ್ಟಕ್ಕೆ ಬಳಸಿಕೊಂಡರೂ ಹಿಂದಿರುಗಿಸುವ ಹೊಣೆ ಅವನದೆಂದು ಸುಪ್ರೀಂ ಕೋರ್ಟ್ 2024ರ ಏಪ್ರಿಲ್‌ನಲ್ಲಿ ಮತ್ತೊಮ್ಮೆ ಹೇಳಿದೆ. ಕೋರ್ಟಿನ ಮಾತು ಬದಿಗಿಟ್ಟರೂ, ಮಾರುವಾಗ ಆಕೆ ಎದುರಿಗೆ ಕೂತಿದ್ದರೆ ‘ಇದರಾಗ ಬೆಸುಗಿ ಬಾಳ ಐತಿ’ ಎಂಬ ಮಾತಿಗೆ ಅಲ್ಲೇ ಉತ್ತರ ಸಿಗುತ್ತದೆ.

ವ್ಯಾಪಾರಿಯ ಕಡೆಯಿಂದಲೂ ನೋಡಬೇಕು. ಕರಗಿಸುವ, ಶುದ್ಧ ಮಾಡಿಸುವ ಖರ್ಚು ಅವನದು. ನಾಳೆ ದರ ಇಳಿದರೆ ನಷ್ಟ ಅವನಿಗೆ. ಒಡವೆ ಕದ್ದದ್ದೆಂದು ಪೊಲೀಸರು ಬಂದರೆ ನಿಲ್ಲಬೇಕಾದವನೂ ಅವನೇ. ಬಿಲ್ಲು, ಗುರುತಿನ ಚೀಟಿ ಕೇಳಿದರೆ ಅವಮಾನವೆಂದು ತಿಳಿಯಬಾರದು. ನೂರಕ್ಕೆ ಒಂದೆರಡು ರೂಪಾಯಿ ಕಳೆದರೆ ನಾನು ಜಗಳ ಆಡುವುದಿಲ್ಲ. ಕಳೆದದ್ದನ್ನು ಕಳೆದೆನೆಂದು ಬರೆದು ಕೊಡಲಿ.

ಈ ಬರವಣಿಗೆ ಅಸಾಧ್ಯವಾದದ್ದಲ್ಲ. ಬಂಗಾರದ ಸಾಲಕ್ಕೆ ರಿಸರ್ವ್ ಬ್ಯಾಂಕ್ 2025ರ ಜೂನ್ 6ರಂದು ಹೊಸ ನಿರ್ದೇಶನ ಹೊರಡಿಸಿತು, ಜಾರಿಗೆ 2026ರ ಏಪ್ರಿಲ್ 1ರ ಗಡುವು ಕೊಟ್ಟಿತು. ಅದರ ಪ್ರಕಾರ ಒಡವೆ ಪರೀಕ್ಷಿಸುವಾಗ ಸಾಲ ಕೇಳಿದವರು ಎದುರಿಗಿರಬೇಕು. ಹರಳು, ಕೊಂಡಿಗೆಂದು ಎಷ್ಟು ತೂಕ ಕಳೆದರೆಂದು ಅವರಿಗೆ ವಿವರಿಸಬೇಕು. ಶುದ್ಧತೆ, ಒಟ್ಟು ತೂಕ, ನಿವ್ವಳ ತೂಕ, ಕಡಿತ, ಬೆಲೆ ಎಲ್ಲ ಬರೆದ ಪತ್ರ ಕೊಡಬೇಕು. ಬ್ಯಾಂಕು, ಸಹಕಾರಿ ಬ್ಯಾಂಕು, ಫೈನಾನ್ಸ್ ಕಂಪನಿಗಳಿಗೆ ಈ ನಿಯಮ. ಕೆಲವು ತಿಂಗಳು ಒತ್ತೆ ಇಟ್ಟು ಬಿಡಿಸಿಕೊಳ್ಳುವ ಒಡವೆಗೆ ಇಷ್ಟು ರಕ್ಷಣೆ ಇರುವಾಗ, ಮತ್ತೆಂದೂ ಕೈಗೆ ಬಾರದಂತೆ ಮಾರುವ ಒಡವೆಗೆ ಅದರ ಅರ್ಧವಾದರೂ ಇರಬೇಡವೇ?

ವರ್ಷಕ್ಕೆ 40 ಲಕ್ಷಕ್ಕಿಂತ ಕಡಿಮೆ ವಹಿವಾಟಿನ ಅಂಗಡಿಗೆ ಹಾಲ್‌ಮಾರ್ಕ್ ಕಡ್ಡಾಯವಿಲ್ಲ, ಅಂಥ ಸಣ್ಣ ಪತ್ತಾರರ ಮೇಲೆ ಈ ಹೊರೆ ಏಕೆ ಎಂದು ಕೆಲವರು ಕೇಳಿಯಾರು. ನಾನು ಕೇಳುತ್ತಿರುವುದು ಯಂತ್ರವನ್ನಲ್ಲ, ಒಂದು ಚೀಟಿಯನ್ನು. ಒಟ್ಟು ತೂಕ, ಕಳೆದ ತೂಕ, ಟಂಚು, ಯಾವ ಕ್ಯಾರೆಟ್‌ನ ದರ, ಕಡಿತ, ಕೈಗೆ ಕೊಟ್ಟ ಹಣ ಇಷ್ಟನ್ನು ಬರೆದು ಸಹಿ ಹಾಕಲು ಐದು ನಿಮಿಷ ಸಾಕು. ಆಳಂದ, ಅಫಜಲಪುರ, ಜೇವರ್ಗಿಯ ಸರಾಫರು ತಮ್ಮತಮ್ಮಲ್ಲಿ ಮಾತಾಡಿ ಇದನ್ನು ರೂಢಿಗೆ ತಂದರೆ ಸರ್ಕಾರದ ಆದೇಶಕ್ಕೆ ಕಾಯಬೇಕಿಲ್ಲ. ಅಲ್ಲಿಯ ತನಕ ಮಾರುವವರೇ ಆ ಚೀಟಿಯನ್ನು ಕೇಳಿ ಪಡೆಯಬೇಕು, ಒಡವೆ ಕುಲುಮೆಗೆ ಬೀಳುವ ಮೊದಲು.