ಅರ್ಥಿಂಗ್ ಗುಂಡಿಗೂ ನೀರು ಬೇಕ್ರೀ!

ಬೇಸಿಗೆ ಬಂತೆಂದರೆ ಯಾದಗಿರಿ, ಶಹಾಪುರ, ಸುರಪುರದ ಮನೆ-ಅಂಗಡಿಗಳಲ್ಲಿ ತಗಡಿನ ಕೂಲರುಗಳದ್ದೇ ಸದ್ದು. ಕೂಲರಿಗೆ ದಿನವೂ ಕೊಡಗಟ್ಟಲೆ ನೀರು. ಹಿತ್ತಲಿನ ಅರ್ಥಿಂಗ್ ಗುಂಡಿಗೆ ಒಂದು ಚೆಂಬೂ ಇಲ್ಲ! ಎರೆಮಣ್ಣು ಒಣಗಿ ಬಿರುಕು ಬಿಟ್ಟರೆ ಸೋರಿದ ಕರೆಂಟು ಸಲೀಸಾಗಿ ನೆಲಕ್ಕಿಳಿಯದು. ಆಗ ಕೂಲರ್ ಮುಟ್ಟಿದವನ ಮೈಯೇ ಅದಕ್ಕೆ ದಾರಿ.

‘ಫ್ಯೂಜ್ ಐತಲ್ರೀ’ ಎನ್ನಬೇಡಿ. 5 ಆಂಪಿಯರ್ ಫ್ಯೂಜ್ ಕಾಯುವುದು ವೈರನ್ನು, ಮನುಷ್ಯನನ್ನಲ್ಲ. ಜೀವ ತೆಗೆಯಲು ಅದರ ಐವತ್ತರಲ್ಲೊಂದು ಪಾಲು ಸಾಕು.

ಗುಂಡಿಗೆ ಇದ್ದಿಲು, ಉಪ್ಪು ತುಂಬಿಸಿ, ಬೇಸಿಗೆಯಲ್ಲಿ ತಪ್ಪದೆ ನೀರು ಹಾಕಿ. ಮೂರು ಪಿನ್ನಿನ ಪ್ಲಗ್ಗೇ ಇರಲಿ, ಹಸಿರು ವೈರು ಕತ್ತರಿಸಬೇಡಿ. 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಕೂಡಿಸಿ. ಪ್ಲಗ್ ಕಿತ್ತ ಮೇಲೆಯೇ ಕೂಲರಿಗೆ ನೀರು ತುಂಬಿ.

ಮೀಟರಿನ ತನಕ ಜೆಸ್ಕಾಂ ಹೊಣೆ. ಅಲ್ಲಿಂದ ಒಳಗೆ ನಮ್ಮದೇ!